ಕೈ ಎತ್ತಿದಾಗ ನಿಲ್ಲಿಸಿ: ಹಲ್ಲಿನ ಡಾಕ್ಟರುಗಳಿಗೆ ಒಂದು ಬಹಿರಂಗ ಪತ್ರ

ಹಲ್ಲಿನ ಡಾಕ್ಟರುಗಳೇ, ನಮಸ್ಕಾರ.

ನಾನು ಇಪ್ಪತ್ತೆರಡು ವರ್ಷ ನಿಮ್ಮ ಕಡೆ ತಲೆ ಹಾಕದೆ ಇದ್ದ ಪೇಷೆಂಟ್. ದುಡ್ಡಿಗೆ ತೊಂದರೆ ಇತ್ತು ಅಂತಲ್ಲ, ಟೈಮ್ ಸಿಗಲಿಲ್ಲ ಅಂತಲೂ ಅಲ್ಲ. ಹೆದರಿಕೆ, ಅಷ್ಟೇ. ಆ ಹೆದರಿಕೆ ಎಲ್ಲಿಂದ ಬಂತು, ಹೇಗೆ ಹೋಯಿತು ಅಂತ ನಿಮಗೆ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನನಗೆ ಆಗ ಎಂಟು ವರ್ಷ. ಕೆಳದವಡೆಯ ಒಂದು ಹಲ್ಲು ಹುಳುಕಾಗಿ ಕೆನ್ನೆ ಊದಿಕೊಂಡಿತ್ತು. ಕೀಳಲೇಬೇಕು ಅಂದರು. ಚೇರಿನಲ್ಲಿ ಮಲಗಿಸಿದ ಮೇಲೆ ಡಾಕ್ಟರ್ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ನೋವಾದ್ರೆ ಕೈ ಎತ್ತು, ನಿಲ್ಲಿಸ್ತೀನಿ." ನಾನು ನಂಬಿದೆ. ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೇ ಇಕ್ಕಳ ಬಾಯೊಳಗೆ ಬಂತು. ನೋವಾಯಿತು. ಕೈ ಎತ್ತಿದೆ. ಅವರು ನಿಲ್ಲಿಸಲಿಲ್ಲ. ಪಕ್ಕದಲ್ಲಿ ನಿಂತಿದ್ದವರು ನನ್ನ ಕೈ ಹಿಡಿದು ಚೇರಿನ ಹಿಡಿಕೆಗೆ ಒತ್ತಿದರು. ಹಿಡಿಕೆಯ ರೆಕ್ಸಿನ್ ಒಂದು ಕಡೆ ಹರಿದಿತ್ತು. ಹರಿದ ಅಂಚು ಅಂಗೈಗೆ ಚುಚ್ಚುತ್ತಿತ್ತು. ಹಲ್ಲು ಕಿತ್ತ ನೋವು ಎಷ್ಟಿತ್ತು ಅಂತ ಈಗ ಕೇಳಿದರೆ ಸರಿಯಾಗಿ ಹೇಳಲಾರೆ. ಆ ರೆಕ್ಸಿನ್ ಅಂಚು ಮಾತ್ರ ಚೆನ್ನಾಗಿ ನೆನಪಿದೆ.

"ಆಯ್ತಲ್ಲ, ಇಷ್ಟಕ್ಕೆ ಎಷ್ಟು ರಂಪ ಮಾಡಿದ್ಯಲ್ಲೋ" ಅಂದರು. ಅವರ ಲೆಕ್ಕದಲ್ಲಿ ಎಲ್ಲ ಸರಿಯಾಗೇ ಆಗಿತ್ತು. ಹಲ್ಲು ಬಂತು. ಊತ ಇಳಿಯಿತು.

ಕಷ್ಟ ಬಂದಾಗ ಹಲ್ಲು ಕಚ್ಚಿಕೊಂಡು ತಡೆದುಕೋ ಅಂತ ಹೇಳುತ್ತೇವೆ. ನಿಮ್ಮ ಚೇರಿನಲ್ಲಿ ಅದೂ ಆಗುವುದಿಲ್ಲ. ಬಾಯಿ ತೆರೆದೇ ಇರಬೇಕು. ಮಾತಾಡುವಂತಿಲ್ಲ. ಮುಖದ ಮೇಲೆ ಲೈಟು, ಏನು ಬರುತ್ತಿದೆ ಅಂತ ಕಾಣುವುದಿಲ್ಲ. ಪರಿಚಯವೇ ಇಲ್ಲದವರು ಅಷ್ಟು ಹತ್ತಿರ ಬಗ್ಗಿರುತ್ತಾರೆ. ಉಸಿರಾಡುವ ದಾರಿಯಲ್ಲೇ ನೀರು, ಮೆಷಿನ್ನು, ಬೆರಳು. ಇಷ್ಟರ ನಡುವೆ ನಮ್ಮದು ಅಂತ ಉಳಿಯುವುದು ಒಂದು ಕೈ. ಆ ಕೈ ಎತ್ತಿದರೂ ಏನೂ ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಯಾವ ಧೈರ್ಯದಿಂದ ವಾಪಸ್ ಬರುವುದು ಹೇಳಿ?

ಆಮೇಲಿನ ವರ್ಷಗಳನ್ನು ಹೇಗೆ ಕಳೆದೆ ಅಂತಲೂ ಹೇಳುತ್ತೇನೆ. ಯಾಕೆಂದರೆ ನಿಮ್ಮ ಮುಂದೆ ಬಾಯಿ ತೆರೆಯುವವರಲ್ಲಿ ಎಷ್ಟೋ ಜನ ಇದೇ ದಾರಿಯಲ್ಲಿ ಬಂದಿರುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಒಂದೇ ಕಡೆ ಅಗಿದು ತಿನ್ನುವುದು ಅಭ್ಯಾಸವಾಯಿತು. ತಣ್ಣೀರು ಕುಡಿಯುವಾಗ ತಲೆ ಒಂದು ಕಡೆ ವಾಲಿಸುತ್ತಿದ್ದೆ. ನಗುವಾಗ ಕೈ ತಾನಾಗೇ ಬಾಯಿಗೆ ಹೋಗುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಹತ್ತಿಗೆ ಲವಂಗದ ಎಣ್ಣೆ ಹಾಕಿ ಹಲ್ಲಿನ ತೂತಿಗೆ ಇಟ್ಟುಕೊಂಡು, ನೋವಿನ ಮಾತ್ರೆ ನುಂಗಿ ಕೂತಿದ್ದು ಲೆಕ್ಕವಿಲ್ಲ. ಮೂರು ಸಲ ಅಪಾಯಿಂಟ್‌ಮೆಂಟ್ ತಗೊಂಡು ಮೂರೂ ಸಲ ಫೋನ್ ಮಾಡಿ ಕ್ಯಾನ್ಸಲ್ ಮಾಡಿದೆ. ಒಮ್ಮೆ ಧೈರ್ಯ ಮಾಡಿ ಕ್ಲಿನಿಕ್ಕಿನ ಬಾಗಿಲವರೆಗೂ ಹೋಗಿದ್ದೆ. ಒಳಗಿಂದ ವಾಸನೆ ಬಂತು. ಲವಂಗದಲ್ಲಿರುವ ಯೂಜಿನಾಲ್‌ನದೇ ವಾಸನೆ ಅದು. ನೀವು ಹಲ್ಲು ತುಂಬುವ ಸಿಮೆಂಟಿನಲ್ಲಿ ಬಳಸುವುದೂ ಅದನ್ನೇ ಅಲ್ವಾ. ಮನೆಯಲ್ಲಿ ಸಮಾಧಾನ ಕೊಡುತ್ತಿದ್ದ ವಾಸನೆ ಅಲ್ಲಿ ಹೊಟ್ಟೆ ತೊಳೆಸುವ ಹಾಗೆ ಮಾಡಿತು. ಅಂಗೈ ಬೆವರಿತು. ತಿರುಗಿ ಬಂದುಬಿಟ್ಟೆ.

ಮನೆಗೆ ಬಂದ ತಕ್ಷಣ ಎಷ್ಟು ಹಗುರ ಅನ್ನಿಸಿತು ಅಂದರೆ, ಆ ಹಗುರವೇ ನನ್ನನ್ನು ಕೆಡಿಸಿತು. ತಪ್ಪಿಸಿಕೊಂಡ ಪ್ರತಿ ಸಲವೂ ಹೆದರಿಕೆಗೆ ಇನ್ನಷ್ಟು ಬಲ ಬರುತ್ತದೆ. ಹೋಗದೆ ಹುಳುಕು ಬೆಳೆಯುತ್ತದೆ. ಹುಳುಕು ಬೆಳೆದಷ್ಟೂ ನಾಚಿಕೆ. ನಾಚಿಕೆಯಿಂದ ಇನ್ನೂ ದೂರ. ಕೊನೆಗೆ ತಡೆಯಲಾಗದೆ ಹೋದಾಗ ಸಣ್ಣ ಫಿಲ್ಲಿಂಗಿನಲ್ಲಿ ಮುಗಿಯಬೇಕಿದ್ದದ್ದು ರೂಟ್ ಕೆನಾಲ್‌ಗೋ ಹಲ್ಲು ಕೀಳುವುದಕ್ಕೋ ಬಂದಿರುತ್ತದೆ. ಆಗ ಮನಸ್ಸು ಹೇಳುತ್ತದೆ, ನೋಡು, ನಾನು ಹೆದರಿದ್ದು ಸರಿಯಾಗೇ ಇತ್ತು. ಸ್ವೀಡನ್ನಿನ ಸಂಶೋಧಕ ಉಲ್ಫ್ ಬರ್ಗ್‌ಗ್ರೆನ್ ಈ ಸುಳಿಯನ್ನು 1984ರಲ್ಲೇ ವಿವರಿಸಿದ್ದಾರೆ. ಓದಿದಾಗ ನನ್ನ ಇಪ್ಪತ್ತೆರಡು ವರ್ಷವನ್ನು ಯಾರೋ ನೋಡಿ ಬರೆದ ಹಾಗಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನಲ್ಲಿ ಸುಮಾರು 350 ಕೋಟಿ ಜನಕ್ಕೆ ಬಾಯಿ ಹಲ್ಲಿನ ಕಾಯಿಲೆಗಳಿವೆ ಅಂತ ಲೆಕ್ಕ ಕೊಟ್ಟಿತು. ಎಲ್ಲರೂ ಹೆದರಿಕೆಯಿಂದಲೇ ದೂರ ಉಳಿದವರಲ್ಲ, ಗೊತ್ತು. ಆದರೆ ಅವರಲ್ಲಿ ನನ್ನಂಥವರೂ ಇದ್ದಾರೆ.

ಈಗ ಮುಖ್ಯ ವಿಷಯ. ದೊಡ್ಡವನಾದ ಮೇಲೆ ನನಗೆ ತಿಳಿದ ಒಂದು ಸಂಗತಿ ನಿಮಗೆ ಕಾಲೇಜಿನಲ್ಲೇ ಹೇಳಿಕೊಟ್ಟಿರುತ್ತಾರೆ. ಕೀವು, ಬಾವು ಇರುವ ಜಾಗದಲ್ಲಿ ಮರಗಟ್ಟಿಸುವ ಔಷಧಿ ಸರಿಯಾಗಿ ಹಿಡಿಯುವುದಿಲ್ಲ. ಅಲ್ಲಿ ಆಮ್ಲ ಜಾಸ್ತಿ ಇರುತ್ತದೆ, ಔಷಧಿ ನರದೊಳಗೆ ಇಳಿಯುವುದು ಕಡಿಮೆಯಾಗುತ್ತದೆ. ಕೆಳದವಡೆಯ ನರಕ್ಕೆ ಕೊಡುವ ಇಂಜೆಕ್ಷನ್ ಹಿಡಿಯಲು ಕೆಲವು ನಿಮಿಷ ಬೇಕು, ಕೆಲವೊಮ್ಮೆ ಗುರಿಯೂ ತಪ್ಪುತ್ತದೆ. ನನ್ನದು ಕೆಳದವಡೆ. ಕೆನ್ನೆ ಊದಿತ್ತು. ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತೂ ಕಾಯಲಿಲ್ಲ.

ಅಂದರೆ ಆ ದಿನ ನಾನು ರಂಪ ಮಾಡಿರಲಿಲ್ಲ. ನನಗೆ ನಿಜವಾಗಲೂ ನೋವಾಗಿತ್ತು.

ಇದನ್ನು ಓದಿದ ರಾತ್ರಿ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಎಂಟು ವರ್ಷದ ಹುಡುಗನನ್ನು ನಾನೂ ಅಷ್ಟು ವರ್ಷ ಹೇಡಿ ಅಂತಲೇ ಅಂದುಕೊಂಡಿದ್ದೆ. ಡಾಕ್ಟರುಗಳೇ, ಪೇಷೆಂಟ್ ನೋವು ಅಂದಾಗ ದಯವಿಟ್ಟು ನಂಬಿ. "ಮರಗಟ್ಟಿದೆ, ನೋವಾಗೋಕೆ ಸಾಧ್ಯವೇ ಇಲ್ಲ" ಅನ್ನಬೇಡಿ. ಒಂದು ನಿಮಿಷ ನಿಲ್ಲಿಸಿ. ಇನ್ನೂ ಸ್ವಲ್ಪ ಔಷಧಿ ಕೊಡಬಹುದು, ಬೇರೆ ಜಾಗದಲ್ಲಿ ಕೊಡಬಹುದು, ಇನ್ನೈದು ನಿಮಿಷ ಕಾಯಬಹುದು. ಬಾವು ಇಳಿದ ಮೇಲೆ ಬನ್ನಿ ಅಂತಲೂ ಹೇಳಬಹುದು. ಕೆಲವೊಮ್ಮೆ ಅದು ನೋವಾಗಿರುವುದಿಲ್ಲ, ಒತ್ತಡ ಆಗಿರುತ್ತದೆ. ಇಂಜೆಕ್ಷನ್ ನೋವನ್ನು ತೆಗೆಯುತ್ತದೆ, ಒತ್ತುವುದು ಎಳೆಯುವುದು ಗೊತ್ತಾಗುತ್ತಲೇ ಇರುತ್ತದೆ ಅಂತ ಮೊದಲೇ ಒಂದು ಮಾತು ಹೇಳಿದರೆ ನಾವು ಅದಕ್ಕೆ ತಯಾರಾಗಿರುತ್ತೇವೆ. ಔಷಧಿಯ ಜೊತೆ ಅಡ್ರಿನಲಿನ್ ಸೇರಿಸಿದ್ದರೆ ಅದನ್ನೂ ಹೇಳಿ. ಇಂಜೆಕ್ಷನ್ ಆದ ಕೂಡಲೇ ನನ್ನ ಎದೆ ಡವಡವ ಅಂದರೆ, ಕೈ ನಡುಗಿದರೆ, ನನಗೇನೋ ಆಗಿಹೋಯಿತು ಅಂತ ನಾನು ಹೆದರುತ್ತೇನೆ. "ಎರಡು ನಿಮಿಷ ಎದೆ ಜೋರಾಗಿ ಬಡಿದುಕೊಳ್ಳಬಹುದು, ಅದು ಔಷಧಿಯಿಂದ, ತಾನಾಗೇ ಇಳಿಯುತ್ತೆ" ಅಂತ ಹೇಳೋಕೆ ಎಷ್ಟು ಹೊತ್ತು ಬೇಕು?

ನೋವಿನ ವಿಷಯದಲ್ಲಿ ನಿಮ್ಮ ವೃತ್ತಿಗೆ ಇರುವ ಚರಿತ್ರೆ ಸಣ್ಣದಲ್ಲ. 1844ರ ಡಿಸೆಂಬರ್‌ನಲ್ಲಿ ಹೊರೇಸ್ ವೆಲ್ಸ್ ಅನ್ನುವ ದಂತವೈದ್ಯ ನಗೆ ಅನಿಲ ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡು ನೋಡಿದರು. ಎರಡು ವರ್ಷದ ನಂತರ ಬಾಸ್ಟನ್ನಿನಲ್ಲಿ ಎಲ್ಲರ ಎದುರು ಈಥರ್ ಕೊಟ್ಟು ಆಪರೇಷನ್ ಮಾಡಿಸಿದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯರೇ. ಇವತ್ತು ಯಾವುದೇ ಆಸ್ಪತ್ರೆಯಲ್ಲಿ ನೋವಿಲ್ಲದೆ ಆಪರೇಷನ್ ಆಗುತ್ತಿದ್ದರೆ ಅದರ ಹಿಂದೆ ಹಲ್ಲಿನ ಡಾಕ್ಟರುಗಳಿದ್ದಾರೆ. 1943ರಲ್ಲಿ ಲಿಡೊಕೇನ್ ಅನ್ನುವ ಮರಗಟ್ಟಿಸುವ ಔಷಧಿ ಬಂತು. 1957ರಲ್ಲಿ ಗಾಳಿಯ ಒತ್ತಡದಿಂದ ನಿಮಿಷಕ್ಕೆ ಮೂರು ಲಕ್ಷ ಸುತ್ತು ತಿರುಗುವ ಡ್ರಿಲ್ ಬಂದು ಹಳೆಯ ಮೆಷಿನ್ನಿನ ಗಡಗಡ ಅದುರಾಟ ಹೋಯಿತು. ಸದ್ದು ಮಾತ್ರ ಉಳಿಯಿತು. ನೋವನ್ನು ಇಷ್ಟು ದೂರ ಓಡಿಸಿದವರು ನೀವು. ಅದಕ್ಕೇ ಹೆದರಿಕೆಯ ವಿಷಯವನ್ನೂ ನಿಮ್ಮ ಹತ್ತಿರವೇ ಧೈರ್ಯವಾಗಿ ಕೇಳುತ್ತಿದ್ದೇನೆ.

ನಿಮ್ಮ ಫಾರಂನಲ್ಲಿ ಶುಗರ್ ಇದೆಯಾ, ಬಿಪಿ ಇದೆಯಾ, ಯಾವುದಾದರೂ ಮಾತ್ರೆಗೆ ಅಲರ್ಜಿ ಇದೆಯಾ ಅಂತ ಕೇಳುತ್ತೀರಿ. ಹೆದರಿಕೆ ಇದೆಯಾ ಅಂತ ಕೇಳುವುದಿಲ್ಲ. ಕೇಳುವ ವಿಧಾನ ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ನಾರ್ಮನ್ ಕೋರಾ 1969ರಲ್ಲೇ ನಾಲ್ಕು ಪ್ರಶ್ನೆಗಳ ಒಂದು ಅಳತೆ ಮಾಡಿಕೊಟ್ಟರು. 1995ರಲ್ಲಿ ಬೇರೆ ಸಂಶೋಧಕರು ಅದನ್ನು ತಿದ್ದಿ ಐದು ಪ್ರಶ್ನೆ ಮಾಡಿದರು, ಇಂಜೆಕ್ಷನ್ನಿನ ಪ್ರಶ್ನೆ ಸೇರಿತು. ನಾಳೆ ಚಿಕಿತ್ಸೆಗೆ ಹೋಗಬೇಕು ಅಂದರೆ ಹೇಗನ್ನಿಸುತ್ತದೆ, ಹೊರಗೆ ಕಾಯುತ್ತಾ ಕೂತಾಗ ಹೇಗಿರುತ್ತದೆ, ಡ್ರಿಲ್ ಮಾಡುವ ಮುಂಚೆ, ಕ್ಲೀನಿಂಗ್ ಮಾಡುವ ಮುಂಚೆ, ಒಸಡಿಗೆ ಸೂಜಿ ಚುಚ್ಚುವ ಮುಂಚೆ ಹೇಗಿರುತ್ತದೆ. ಇಷ್ಟೇ. ಒಂದೊಂದಕ್ಕೆ ಒಂದರಿಂದ ಐದು ಅಂಕ. ಒಟ್ಟು 25ರಲ್ಲಿ 19 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆ ಮನುಷ್ಯನಿಗೆ ಹೆದರಿಕೆ ತುಂಬಾ ಇದೆ ಅಂತ ಅರ್ಥ. ಹೊರಗೆ ಕಾಯುತ್ತಾ ಕೂತಿರುವಾಗಲೇ ತುಂಬಬಹುದು. ನನಗೆ 23 ಬಂದಿತ್ತು. ಯಾರಾದರೂ ಕೇಳಿದ್ದು ಅದೇ ಮೊದಲು. ಕೇಳಿದ್ದಕ್ಕೇ ಅರ್ಧ ಭಾರ ಇಳಿದ ಹಾಗಾಯಿತು ಅಂದರೆ ನಂಬುತ್ತೀರಾ?

ಕೇಳಿದವರು ನನ್ನ ಮಗಳ ಡಾಕ್ಟರ್.

ಮಗಳಿಗೆ ಆರು ವರ್ಷ ತುಂಬಿತ್ತು. ಹಾಲುಹಲ್ಲುಗಳ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬಂದಿತ್ತು. ಅದರ ಮೇಲೆ ಕಪ್ಪು ಗೆರೆ. ಹಾಲುಹಲ್ಲು ತಾನೆ, ಬಿದ್ದು ಹೋಗುತ್ತದೆ ಅಂತ ನಾನು ಸುಮ್ಮನಿದ್ದೆ. ಅದು ಹಾಲುಹಲ್ಲಲ್ಲ, ಜೀವನಪೂರ್ತಿ ಇರಬೇಕಾದ ಹಲ್ಲು ಅಂತ ನನಗೆ ಗೊತ್ತೇ ಇರಲಿಲ್ಲ. ಯಾವ ಹಲ್ಲೂ ಬೀಳದೆ ಹಿಂದೆ ಹೊಸದಾಗಿ ಹುಟ್ಟುವ ಹಲ್ಲು ಅದು, ಅದಕ್ಕೇ ಮನೆಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ತಂದೆತಾಯಂದಿರು ಇದನ್ನು ಓದುತ್ತಿದ್ದರೆ ಇವತ್ತು ರಾತ್ರಿ ಬ್ರಷ್ ಮಾಡಿಸುವಾಗ ಮಕ್ಕಳ ಬಾಯಿಯ ಹಿಂಭಾಗಕ್ಕೊಮ್ಮೆ ಟಾರ್ಚ್ ಹಾಕಿ ನೋಡಿ.

ನನ್ನ ಹೆದರಿಕೆ ನನ್ನ ಹಲ್ಲನ್ನು ತಿಂದಿದ್ದು ಸಾಲದೆ ಮಗಳ ಹಲ್ಲಿಗೂ ಬಂತಲ್ಲ ಅನ್ನಿಸಿದಾಗಲೇ ನಾನು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ್ದು.

ಆ ಡಾಕ್ಟರ್ ಮೊದಲ ದಿನ ಏನೂ ಮಾಡಲಿಲ್ಲ. ಚೇರನ್ನು ಮೇಲೆ ಕೆಳಗೆ ಮಾಡುವ ಬಟನ್ನನ್ನು ಮಗಳ ಕೈಯಿಂದಲೇ ಒತ್ತಿಸಿದರು. ಸಣ್ಣ ಕನ್ನಡಿ ತೋರಿಸಿದರು. "ಇದರಲ್ಲಿ ನಿನ್ನ ಹಲ್ಲು ಎಣಿಸ್ತೀನಿ ಪುಟ್ಟಿ, ಮೊದಲು ಬೆರಳು ಎಣಿಸೋಣ್ವಾ?" ಅಂತ ಹೇಳಿ ಕನ್ನಡಿಯನ್ನು ಅವಳ ಒಂದೊಂದು ಉಗುರಿಗೆ ತಾಗಿಸಿದರು. ಗಾಳಿ ಊದುವ ಕೊಳವೆಯನ್ನು ಅಂಗೈ ಮೇಲೆ ಊದಿದರು. ಮಗಳು ನಕ್ಕಳು. ಆಮೇಲೆ ಅದೇ ಗಾಳಿ ಹಲ್ಲಿಗೆ. ಮೊದಲು ಹೇಳುವುದು, ಆಮೇಲೆ ತೋರಿಸುವುದು, ತೋರಿಸಿದ್ದನ್ನೇ ಮಾಡುವುದು. ಮಧ್ಯದಲ್ಲಿ ಬೇರೆ ಏನೂ ನುಸುಳುವಂತಿಲ್ಲ. 1959ರಲ್ಲಿ ಆಡಲ್ಸ್ಟನ್ ಅನ್ನುವವರು ಬರೆದಿಟ್ಟ ವಿಧಾನ ಇದು, ನಿಮಗೆಲ್ಲ ಗೊತ್ತಿರುವುದೇ. ಆದರೆ ಚೇರಿನ ಪಕ್ಕ ನಿಂತು ನೋಡಿದ ಅಪ್ಪನಿಗೆ ಅದು ಏನು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ನನ್ನ ಕಣ್ಣು ತುಂಬಿ ಬಂತು.

ಆಮೇಲೆ ಅವರು ಅಂದರು: "ನಿಲ್ಲಿಸ್ಬೇಕು ಅನ್ನಿಸಿದ್ರೆ ಎಡಗೈ ಎತ್ತು." ನನ್ನ ಎದೆ ಝಲ್ಲೆಂದಿತು. ಆದರೆ ಅವರು ಅಲ್ಲಿಗೆ ಬಿಡಲಿಲ್ಲ. "ಎಲ್ಲಿ, ಒಂದ್ಸಲ ಎತ್ತು ನೋಡೋಣ" ಅಂದರು. ಮಗಳು ಎತ್ತಿದಳು. ಡಾಕ್ಟರ್ ತಕ್ಷಣ ಎರಡೂ ಕೈ ಹಿಂದಕ್ಕೆ ತೆಗೆದುಕೊಂಡರು. ಮತ್ತೆ ಎತ್ತಿಸಿದರು, ಮತ್ತೆ ತೆಗೆದುಕೊಂಡರು. ಚಿಕಿತ್ಸೆ ಶುರುವಾಗುವ ಮುಂಚೆಯೇ ನಾಲ್ಕೈದು ಸಲ ಈ ಅಭ್ಯಾಸ ನಡೆಯಿತು. ಮಾತು ಕೊಡುವುದು ಬೇರೆ. ಕೊಟ್ಟ ಮಾತು ನಡೆಯುತ್ತದೆ ಅಂತ ಮಗುವಿಗೆ ಮೊದಲೇ ತೋರಿಸಿಕೊಡುವುದು ಬೇರೆ.

ಮಗಳ ಎರಡು ಹಾಲುಹಲ್ಲುಗಳಲ್ಲೂ ಹುಳುಕಿತ್ತು. ಒಂದಕ್ಕೆ ಸಿಲ್ವರ್ ಡಯಮೈನ್ ಫ್ಲೋರೈಡ್ ಹಚ್ಚಿದರು. ಡ್ರಿಲ್ ಇಲ್ಲ, ಸೂಜಿ ಇಲ್ಲ, ಕುಂಚದಲ್ಲಿ ಹಚ್ಚುವುದಷ್ಟೇ. ಹುಳುಕು ಮುಂದೆ ಹೋಗದ ಹಾಗೆ ತಡೆಯುತ್ತದೆ. ಹುಳುಕಿನ ಜಾಗ ಕಪ್ಪಾಗುತ್ತದೆ ಅಂತ ಮೊದಲೇ ಹೇಳಿ ಒಪ್ಪಿಗೆ ಕೇಳಿದರು. ಇನ್ನೊಂದಕ್ಕೆ ಕೊರೆಯದೆಯೇ ಸ್ಟೀಲಿನ ಟೋಪಿ ಹಾಕಿದರು. ಸ್ಕಾಟ್ಲೆಂಡಿನ ನಾರ್ನಾ ಹಾಲ್ ಅನ್ನುವ ದಂತವೈದ್ಯೆಯ ಹೆಸರಿನಲ್ಲೇ ಇರುವ ವಿಧಾನವಂತೆ. ಎಲ್ಲ ಹಲ್ಲಿಗೂ ಇವು ಆಗುವುದಿಲ್ಲ ಅಂತಲೂ ಹೇಳಿದರು. ಆದರೆ ಆಗುವ ಕಡೆಯಲ್ಲೂ ಹೇಳದೆ ನೇರವಾಗಿ ಡ್ರಿಲ್ ಎತ್ತಿಕೊಳ್ಳುವವರಿದ್ದಾರೆ ಅಲ್ವಾ. ಅವರಲ್ಲಿ ನನ್ನ ಬೇಡಿಕೆ, ಮೊದಲು ಇವನ್ನು ಯೋಚಿಸಿ.

ಅಳುವ ಮಗುವಿನ ಕೈಕಾಲು ಹಿಡಿದು, ಬಾಯಿ ಮುಚ್ಚಿ ಕೆಲಸ ಮುಗಿಸುವ ರೀತಿ ಒಂದು ಕಾಲದಲ್ಲಿ ಪುಸ್ತಕದಲ್ಲೇ ಇತ್ತು. ಅಳುವ ಮಗುವಿನ ಬಾಯಿಗೆ ಕೈ ಅಡ್ಡ ಇಡುವುದನ್ನು ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ 2006ರಲ್ಲಿ ತನ್ನ ಮಾರ್ಗಸೂಚಿಯಿಂದಲೇ ತೆಗೆದುಹಾಕಿತು. ಪುಸ್ತಕದಿಂದ ಹೋದದ್ದು ಕ್ಲಿನಿಕ್ಕಿನಿಂದಲೂ ಹೋಗಬೇಕು. ಜೀವಕ್ಕೆ ಅಪಾಯ ಇರುವ ಸೋಂಕು, ಏಟು ಬಿದ್ದು ರಕ್ತ ನಿಲ್ಲದಿರುವುದು, ಇಂಥ ತುರ್ತು ಬೇರೆ. ಮಿಕ್ಕಿದ್ದಕ್ಕೆ ಇನ್ನೊಂದು ದಿನ ಇದ್ದೇ ಇರುತ್ತದೆ.

ಇಲ್ಲಿ ನಮ್ಮ ತಪ್ಪೂ ಇದೆ. ಅಪ್ಪ ಅಮ್ಮಂದಿರ ಪರವಾಗಿ ಒಪ್ಪಿಕೊಳ್ಳುತ್ತೇನೆ. ಹಟ ಮಾಡಿದರೆ ಡಾಕ್ಟರ್ ಹತ್ತಿರ ಕರ್ಕೊಂಡ್ ಹೋಗಿ ಸೂಜಿ ಚುಚ್ಚಿಸ್ತೀನಿ ಅಂತ ಹೆದರಿಸುವವರು ನಾವೇ. "ಸ್ವಲ್ಪಾನೂ ನೋವಾಗಲ್ಲ" ಅಂತ ಸುಳ್ಳು ಹೇಳುವವರೂ ನಾವೇ. ಮಗುವಿಗೆ ಅದರಲ್ಲಿ ಕೇಳಿಸುವುದು ನೋವು ಅನ್ನುವ ಒಂದೇ ಪದ. ನಮ್ಮ ಹಲ್ಲು ಕೀಳಿಸಿದ ಕಥೆಯನ್ನು ಮಕ್ಕಳ ಮುಂದೆಯೇ ಹೇಳುತ್ತೇವೆ. ಊದಿದ ಮೇಲೆ ಕರೆತರುತ್ತೇವೆ, ಹಾಗಾಗಿ ಮೊದಲ ಭೇಟಿಯೇ ನೋವಿನ ಭೇಟಿ ಆಗುತ್ತದೆ. ಒಂದು ವರ್ಷ ತುಂಬುವ ಹೊತ್ತಿಗೇ ಒಮ್ಮೆ ತೋರಿಸಿ ಅಂತ ಮಕ್ಕಳ ಡಾಕ್ಟರುಗಳು ಹೇಳುವುದು ಇದಕ್ಕೇ. ಏನೂ ತೊಂದರೆ ಇಲ್ಲದಾಗ ನೋಡಿದ ಜಾಗ ಆಮೇಲೆ ಅಷ್ಟು ಭಯ ಹುಟ್ಟಿಸುವುದಿಲ್ಲ.

ದೊಡ್ಡವರ ವಿಷಯಕ್ಕೆ ಬಂದರೆ ನನ್ನ ಕೋರಿಕೆ ಒಂದೇ. ಬೈಯಬೇಡಿ. "ಇಷ್ಟು ದಿನ ಏನ್ ಮಾಡ್ತಿದ್ರಿ?" ಅನ್ನುವ ಪ್ರಶ್ನೆ ಬೇಡ. ಏನು ಮಾಡುತ್ತಿದ್ದೆವು ಅಂತ ಮೇಲೆ ಹೇಳಿದ್ದೇನೆ. ಆ ಬೈಗುಳ ಕೇಳಬೇಕಾಗುತ್ತದಲ್ಲ ಅಂತಲೇ ಇನ್ನೂ ಎರಡು ವರ್ಷ ಮುಂದೂಡುವವರಿದ್ದಾರೆ. ಮಗಳ ಚಿಕಿತ್ಸೆ ಮುಗಿದ ದಿನ ಆ ಡಾಕ್ಟರ್ ನನ್ನ ಕಡೆ ತಿರುಗಿ, "ನೀವು ಕೊನೇ ಸಲ ತೋರಿಸಿದ್ದು ಯಾವಾಗ?" ಅಂದರು. ನಾನು ತಲೆ ತಗ್ಗಿಸಿ ಹೇಳಿದೆ. ಅವರು ಬಾಯಿ ನೋಡಿದರು. ಕಂಡಿದ್ದು ಚೆನ್ನಾಗಿರಲಿಲ್ಲ, ನನಗೇ ಗೊತ್ತು. ಅವರು ಅಂದಿದ್ದು ಇಷ್ಟೇ: "ಬಂದ್ರಲ್ಲ, ಒಳ್ಳೇದಾಯ್ತು. ಯಾವುದರಿಂದ ಶುರು ಮಾಡೋಣ ಅಂತ ನೀವೇ ಹೇಳಿ." ನಾನು ಅತಿ ಸಣ್ಣದನ್ನು ಆರಿಸಿಕೊಂಡೆ. ಬರೀ ಕ್ಲೀನಿಂಗ್.

ನಗೆ ಅನಿಲ, ಮಂಪರು ಬರಿಸುವ ಮಾತ್ರೆ, ಪೂರ್ತಿ ಅರಿವಳಿಕೆ, ಇವೆಲ್ಲ ಇವೆ ಅಂತ ಗೊತ್ತು. ಕೆಲವರಿಗೆ ಅವು ಬೇಕೇ ಬೇಕು. ತರಬೇತಿ ಇರುವವರು, ಉಸಿರು ನಾಡಿ ನೋಡುತ್ತಿರುವ ಸಲಕರಣೆ, ಎಲ್ಲ ಇದ್ದ ಕಡೆ ಕೊಡಿ. ಹೆದರಿಕೆಗೇ ಚಿಕಿತ್ಸೆ ಕೊಡುವ ಮನಃಶಾಸ್ತ್ರಜ್ಞರೂ ಇದ್ದಾರೆ, ಹಂತ ಹಂತವಾಗಿ ಎದುರಿಸಲು ಕಲಿಸುತ್ತಾರೆ, ಅದು ಕೆಲಸ ಮಾಡುತ್ತದೆ. ಆ ಕಡೆ ಕಳಿಸುವುದಕ್ಕೆ ಸಂಕೋಚ ಬೇಡ.

ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಹೊರಗೆ ಸಾಲು ಕಾಯುತ್ತಿರುತ್ತದೆ. ಬೆನ್ನು ಬಗ್ಗಿಸಿ ದಿನವಿಡೀ ಕೆಲಸ. ಎದುರಿಗೆ ಕೂತವರೆಲ್ಲ ನಿಮ್ಮನ್ನು ನೋಡಿ ಹೆದರುತ್ತಾರೆ ಅನ್ನುವುದು ಯಾರಿಗೆ ತಾನೆ ಹಿತ? ಒಬ್ಬ ಹೆದರಿದ ಪೇಷೆಂಟಿಗೆ ಇಬ್ಬರ ಸಮಯ ಹೋಗುತ್ತದೆ. ಆದರೂ ಕೇಳುತ್ತೇನೆ. ಸೂಜಿ ಚುಚ್ಚುವ ಮುಂಚೆ ಒಸಡಿಗೆ ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಡಿ. ಔಷಧಿಯನ್ನು ಸರ್ರನೆ ಒತ್ತದೆ ನಿಧಾನವಾಗಿ ಬಿಡಿ. ಚುಚ್ಚುವುದಕ್ಕಿಂತ ಬೇಗ ಒತ್ತುವುದೇ ಜಾಸ್ತಿ ನೋಯಿಸುತ್ತದೆ, ನನಗೆ ಎರಡೂ ಆಗಿದೆ, ಅನುಭವದಿಂದ ಹೇಳುತ್ತಿದ್ದೇನೆ. ಇವತ್ತು ನೀವು ಕೊಟ್ಟ ಹತ್ತು ನಿಮಿಷದಿಂದ ಆ ಮನುಷ್ಯ ಮುಂದಿನ ಆರು ತಿಂಗಳಿಗೆ ತಾನಾಗೇ ಬರುತ್ತಾನೆ, ಮಕ್ಕಳನ್ನೂ ಕರೆತರುತ್ತಾನೆ.

ಕ್ಲೀನಿಂಗ್ ದಿನದ್ದು ಒಂದು ಹೇಳಿ ಮುಗಿಸುತ್ತೇನೆ. ಚೇರಿನಲ್ಲಿ ಮಲಗಿದೆ. ಮೆಷಿನ್ ಶುರುವಾಯಿತು. ನೋವೇನೂ ಇರಲಿಲ್ಲ. ಆದರೂ ಎಡಗೈ ಎತ್ತಿದೆ. ಡಾಕ್ಟರ್ ತಕ್ಷಣ ನಿಲ್ಲಿಸಿದರು. ಮಾಸ್ಕ್ ಕೆಳಗಿಳಿಸಿ, "ನೋವಾಯ್ತಾ?" ಅಂದರು.

"ಇಲ್ಲ" ಅಂದೆ. "ಸುಮ್ನೆ ಎತ್ತಿದೆ. ನಿಲ್ಲಿಸ್ತೀರಾ ಅಂತ."

ಅವರು ನಗಲಿಲ್ಲ. "ಎಷ್ಟು ಸಲ ಬೇಕಾದ್ರೂ ಎತ್ತಿ" ಅಂದರು.

ಇನ್ನೂ ಎರಡು ಸಲ ಎತ್ತಿದೆ. ಎರಡು ಸಲವೂ ನಿಲ್ಲಿಸಿದರು. ಆಮೇಲೆ ನನ್ನ ಕೈ ಹೊಟ್ಟೆಯ ಮೇಲೆ ಹಾಗೇ ಇತ್ತು.

ಇಂತಿ,
ನಿಮ್ಮ ಒಬ್ಬ ಪೇಷೆಂಟ್